ಹತ್ತು ವಾಕ್ಯ ಕನ್ನಡಕ್ಕೆ ತರೋಕೆ ಹೋಗಿ...

ರಜೆ ಮುಗಿಸಿ ಹಾಸ್ಟೆಲ್‌ಗೆ ವಾಪಸ್ ಬಂದ ದಿನ ನಾವು ಒಬ್ಬರಿಗೊಬ್ಬರು ಮೊದಲು ಹೇಳುವ ಮಾತು ಯಾವುದು ಅಂತ ಯಾವತ್ತಾದರೂ ಗಮನಿಸಿದ್ದೀರಾ? "ಏನೋ, ಮನೆ ಊಟ ತಿಂದು ಚೆನ್ನಾಗಿ ಊದಿಕೊಂಡಿದ್ದೀಯಾ!", "ಏನೇ, ಇಷ್ಟೊಂದು ಕಪ್ಪಗಾಗಿದ್ದೀಯಾ?", "ಮಗಾ, ಮುಂದಿನ ಕೂದಲೆಲ್ಲ ಎಲ್ಲಿ ಹೋಯ್ತೋ?" ಬ್ಯಾಗು ಕೆಳಗಿಡುವ ಮೊದಲೇ ಇಷ್ಟು ಆಗಿಹೋಗಿರುತ್ತದೆ. ಎಲ್ಲ ಪ್ರೀತಿಯಿಂದಲೇ ಹೇಳುವುದು, ಅನುಮಾನವಿಲ್ಲ. ನಾವೂ ಹೇಳಿದ್ದೇವೆ, ಹೇಳಿಸಿಕೊಂಡೂ ಇದ್ದೇವೆ. ಅದರ ಬಗ್ಗೆ ಕೂತು ಯೋಚಿಸುವ ಪ್ರಸಂಗ ಬಂದದ್ದು ಕಳೆದ ಸೆಮಿಸ್ಟರ್‌ನಲ್ಲಿ, ಅದೂ ಒಂದು ಅನುವಾದದ ನೆಪದಲ್ಲಿ.

ನಮ್ಮ ಕಾಲೇಜಿನ ಕೌನ್ಸೆಲರ್ ಮೇಡಂ ಒಂದು ದಿನ ಕನ್ನಡ ಸಂಘಕ್ಕೆ ಹೇಳಿ ಕಳಿಸಿದರು. ಅವರ ಸಂಶೋಧನೆಗೆ ಒಂದು ಪ್ರಶ್ನಾವಳಿ ಕನ್ನಡದಲ್ಲಿ ಬೇಕಿತ್ತು. ಹತ್ತೇ ಹತ್ತು ವಾಕ್ಯ, ಒಂದೇ ಪುಟ. ಎರಡು ಇಂಟರ್ನಲ್ಸ್ ನಡುವೆ ಮುಗಿಸಿಬಿಡಬಹುದು ಅಂದುಕೊಂಡು ನಾವು ನಾಲ್ವರು ಒಪ್ಪಿಕೊಂಡೆವು: ಹುಬ್ಬಳ್ಳಿಯ ಮೆಕ್ಯಾನಿಕಲ್‌ನವನು, ಕುಂದಾಪುರದ ಇ.ಸಿ.ಯವಳು, ಮಂಡ್ಯದ ಸಿವಿಲ್‌ನವನು, ಬೆಂಗಳೂರಿನ ಸಿ.ಎಸ್.ನವಳು. ಸಂಜೆ ಟೀ ಕುಡಿಯುತ್ತಾ ಒಂದು ಗಂಟೆಯಲ್ಲಿ ಮಾಡಿ ಕೊಡ್ತೀವಿ ಮೇಡಂ ಅಂದೆವು. ಅವರು ನಕ್ಕರು, ಅಷ್ಟೇ. ಅದು ಸುಮಾರು ಮೂರು ತಿಂಗಳು ಹಿಡಿಯಿತು.

ಆ ಪ್ರಶ್ನಾವಳಿಯ ಹೆಸರು ಬಾಡಿ ಅಪ್ರಿಸಿಯೇಷನ್ ಸ್ಕೇಲ್-2. ಅಮೆರಿಕದ ಟ್ರೇಸಿ ಟಿಲ್ಕಾ ಮತ್ತು ನಿಕೋಲ್ ವುಡ್-ಬಾರ್ಕಲೋ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 2015ರಲ್ಲಿ ಪ್ರಕಟಿಸಿದ್ದು. ಇದಕ್ಕೂ ಮುಂಚೆ 2005ರಲ್ಲಿ 13 ವಾಕ್ಯಗಳ ಹಳೆಯ ರೂಪವೊಂದಿತ್ತು. ಅದನ್ನು ತಿದ್ದಿ ಹತ್ತಕ್ಕೆ ತಂದರು. ಮನುಷ್ಯ ತನ್ನ ದೇಹವನ್ನು ಎಷ್ಟು ದ್ವೇಷಿಸುತ್ತಾನೆ ಅಂತ ಕೇಳುವ ಪ್ರಶ್ನಾವಳಿಗಳು ಬೇಕಾದಷ್ಟಿವೆ. ಇದು ಕೇಳುವುದು ತಿರುಗಾಮುರುಗಾ: ನಿಮ್ಮ ದೇಹವನ್ನು ನೀವು ಎಷ್ಟರ ಮಟ್ಟಿಗೆ ಒಪ್ಪಿಕೊಂಡಿದ್ದೀರಿ, ಅದರ ಬೇಕುಬೇಡಗಳನ್ನು ಎಷ್ಟು ವಿಚಾರಿಸಿಕೊಳ್ಳುತ್ತೀರಿ, ಜಾಹೀರಾತಿನಲ್ಲೋ ಸಿನಿಮಾದಲ್ಲೋ ಕಾಣುವವರ ಹಾಗೆ ಇಲ್ಲದಿದ್ದರೂ ನಿಮಗೆ ನೀವು ಚೆಂದ ಕಾಣುತ್ತೀರಾ. ಪ್ರತಿ ವಾಕ್ಯಕ್ಕೂ 1ರಿಂದ 5ರವರೆಗೆ ಒಂದು ಅಂಕಿಗೆ ಸುತ್ತು ಹಾಕಬೇಕು. 1 ಅಂದರೆ ಎಂದೂ ಇಲ್ಲ, 5 ಅಂದರೆ ಯಾವಾಗಲೂ. ಹತ್ತರ ಸರಾಸರಿ ತೆಗೆದರೆ ಸ್ಕೋರು. ನಮ್ಮ ಲ್ಯಾಬ್ ರೆಕಾರ್ಡಿಗಿಂತ ಸುಲಭದ ಲೆಕ್ಕ.

ಕಷ್ಟ ಇದ್ದದ್ದು ಬೇರೆ ಕಡೆ. ಮೇಡಂ ಮೊದಲ ದಿನವೇ ಹೇಳಿದರು: "ಇದು ಕತೆ ಅನುವಾದ ಮಾಡಿದ ಹಾಗಲ್ಲ. ವರ್ನಿಯರ್ ಕ್ಯಾಲಿಪರ್ ತಯಾರು ಮಾಡಿದ ಹಾಗೆ. ಕನ್ನಡದಲ್ಲಿ 3 ಅಂದವನೂ ಇಂಗ್ಲಿಷಿನಲ್ಲಿ 3 ಅಂದವನೂ ಒಂದೇ ಮಾತು ಹೇಳಿರಬೇಕು." ನಮಗೆ ತಕ್ಷಣ ಅರ್ಥವಾಯಿತು. ಫಸ್ಟ್ ಇಯರಿನಲ್ಲಿ ಝೀರೋ ಎರರ್ ನೋಡದೆ ರೀಡಿಂಗ್ ತೆಗೆದು ಬೈಸಿಕೊಂಡವರು ನಾವು.

ಹಾಗಾಗಿ ವಿಧಾನವೂ ಇತ್ತು. 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ಅನ್ನುವವರು ಹಿಮ್ಮುಖ ಅನುವಾದದ ಬಗ್ಗೆ ಬರೆದ ಲೇಖನ ಈ ಕ್ಷೇತ್ರದಲ್ಲಿ ಪ್ರಸಿದ್ಧ. 2000ದಲ್ಲಿ ಡಾರ್ಕಸ್ ಬೀಟನ್ ಮತ್ತು ಸಂಗಡಿಗರು ಹಂತ ಹಂತವಾಗಿ ಒಂದು ಕ್ರಮ ಹಾಕಿಕೊಟ್ಟರು. ಇಬ್ಬರು ಒಬ್ಬರದು ಒಬ್ಬರು ನೋಡದೆ ಅನುವಾದ ಮಾಡಬೇಕು. ಆಮೇಲೆ ಎರಡನ್ನೂ ಎದುರಿಗಿಟ್ಟು ಒಂದು ಮಾಡಬೇಕು. ಅದನ್ನು ಮೂಲ ನೋಡಿರದ ಇಬ್ಬರು ಮತ್ತೆ ಇಂಗ್ಲಿಷಿಗೆ ತರಬೇಕು. ಹಾಗೆ ವಾಪಸ್ ಬಂದ ಇಂಗ್ಲಿಷನ್ನು ಮೂಲದ ಪಕ್ಕ ಇಟ್ಟರೆ ಎಲ್ಲಿ ತಪ್ಪಿದೆ ಅಂತ ಕಾಣುತ್ತದೆ. ಬಲ್ಲವರ ಸಮಿತಿಯೊಂದು ಕೂತು ತಿದ್ದಬೇಕು. ಕೊನೆಗೆ 30-40 ಜನರಿಗೆ ಕೊಟ್ಟು, ಬರೀ ಉತ್ತರ ತಗೊಳ್ಳದೆ, ಓದಿದಾಗ ನಿಮಗೆ ಏನು ಅರ್ಥವಾಯಿತು ಅಂತ ಬಾಯಿಬಿಟ್ಟು ಕೇಳಬೇಕು. ನಮ್ಮ ಕೋಡ್‌ಗೆ ಇಷ್ಟು ಟೆಸ್ಟಿಂಗ್ ಯಾವತ್ತೂ ಮಾಡಿಲ್ಲ ಅಂತ ಸಿ.ಎಸ್.ನವಳೇ ಒಪ್ಪಿಕೊಂಡಳು.

ಮೊದಲ ಜಗಳ ಮೊದಲ ನಾಮಪದಕ್ಕೇ ಬಿತ್ತು. ಮಂಡ್ಯದವನು ತನ್ನ ಅನುವಾದದಲ್ಲಿ ‘ಮೈ’ ಅಂತ ಬರೆದಿದ್ದ, ಕುಂದಾಪುರದವಳು ‘ದೇಹ’ ಅಂತ. ಮೈ ನಮ್ಮದೇ ಮಾತು, ಬಾಯಲ್ಲಿ ಓಡಾಡುವ ಮಾತು. ಆದರೆ ಮೈ ಅಂದಕೂಡಲೇ ಏನೇನು ಬರುತ್ತದೆ ನೋಡಿ: ಮೈ ಬೆಚ್ಚಗಿದೆ, ಮೈಕೈ ನೋವು, ಮೈಗಳ್ಳ, ಮೈಚಳಿ ಬಿಡು, ಮೈ ಬಗ್ಗಿಸಿ ಕೆಲಸ ಮಾಡು. ಜ್ವರ, ದುಡಿಮೆ, ಸೋಮಾರಿತನ, ನಾಚಿಕೆ ಎಲ್ಲ ಅದರೊಳಗಿದೆ. "ನಿಮ್ಮ ಮೈ ಬಗ್ಗೆ ನಿಮಗೆ ಹೇಗನ್ನಿಸುತ್ತೆ" ಅಂದರೆ ನಮ್ಮ ಅಜ್ಜಿಯಂದಿರು "ಸ್ವಲ್ಪ ಸಂದುನೋವು ಬಿಟ್ರೆ ಪರವಾಗಿಲ್ಲ" ಅಂತಾರೆ. ಶರೀರ ಅಂದರೆ ಬಯಾಲಜಿ ಪಾಠದ ಚಿತ್ರ ಕಣ್ಣಮುಂದೆ ಬರುತ್ತದೆ. ದೇಹ ಅಂದರೆ ಪ್ರವಚನದ ವಾಸನೆ, ಅದು ನಶ್ವರ ಅನ್ನುವವರೆಗೆ ಬಿಡುವುದಿಲ್ಲ. ಕೊನೆಗೆ, ಇದ್ದುದರಲ್ಲಿ ಕಡಿಮೆ ತೊಂದರೆ ಕೊಡುವ ಪದ ಅಂತ ‘ದೇಹ’ವನ್ನೇ ಉಳಿಸಿಕೊಂಡೆವು.

ಒಂದು ವಿಷಯದಲ್ಲಿ ಮಾತ್ರ ಕನ್ನಡ ನಮ್ಮ ಕೈ ಹಿಡಿಯಿತು. ಹಿಂದಿಯಲ್ಲಿ "ನಾನು ಚೆಂದ ಕಾಣುತ್ತೇನೆ" ಅನ್ನಬೇಕಾದರೆ ಹುಡುಗನಿಗೊಂದು ಕ್ರಿಯಾಪದ, ಹುಡುಗಿಗೊಂದು. ಕನ್ನಡದ "ಕಾಣುತ್ತೇನೆ", "ಇದ್ದೇನೆ" ಎಲ್ಲರಿಗೂ ಒಂದೇ. ಸುಂದರ, ಸುಂದರಿ ಅಂತ ನಾಮಪದ ತರದಿದ್ದರೆ ಸಾಕು, ಒಂದೇ ಹಾಳೆ ಎರಡೂ ಹಾಸ್ಟೆಲಿಗೆ ಆಗುತ್ತದೆ. ಹೀಗೆ ಮೊದಲ ಸಲ ನಮಗೆ ವ್ಯಾಕರಣ ಖುಷಿ ಕೊಟ್ಟಿತು.

ಆದರೆ 1ರಿಂದ 5ರ ಹೆಸರುಗಳಲ್ಲೇ ಮತ್ತೆ ಎಡವಿದೆವು. ಮೂರನೆಯ ಸ್ಥಾನಕ್ಕೆ ‘ಆಗಾಗ’ ಅಂತ ಹಾಕಿದ್ದೆವು. ಹುಬ್ಬಳ್ಳಿಯವನು, "ಆಗಾಗ ಅಂದ್ರ ಭಾಳ ಸಲ ಅಲ್ಲೇನ?" ಅಂದ. ಮಂಡ್ಯದವನಿಗೆ ಆಗಾಗ ಅಂದರೆ ಅಪರೂಪಕ್ಕಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ಒಂದೇ ಪದ ಒಬ್ಬನ ಬಾಯಲ್ಲಿ 3, ಇನ್ನೊಬ್ಬನ ಬಾಯಲ್ಲಿ 4. ಝೀರೋ ಎರರ್ ಅಂದರೆ ಇದೇ ತಾನೆ? ‘ಕೆಲವು ಸಲ’, ‘ಬಹಳ ಸಲ’ ಅಂತ ಮಾಡಿಕೊಂಡು ಪಾರಾದೆವು.

ಹಿಮ್ಮುಖ ಅನುವಾದ ಮಾಡಿಕೊಟ್ಟವರು ನಮ್ಮ ಇಬ್ಬರು ಸೀನಿಯರ್ಸ್. ಒಂಬತ್ತು ವಾಕ್ಯ ಚೆನ್ನಾಗಿಯೇ ವಾಪಸ್ ಬಂದವು. ಒಂದು ಮಾತ್ರ ಪೂರ್ತಿ ಬೇರೆ ವೇಷ ಹಾಕಿಕೊಂಡು ಬಂತು. ಮೂಲದಲ್ಲಿ ಅದರ ತಾತ್ಪರ್ಯ, ನನ್ನ ದೇಹದಲ್ಲಿ ಬೇರೆಯವರಿಗಿಂತ ಬೇರೆಯಾಗಿರುವುದನ್ನು, ನನ್ನದೇ ಆಗಿರುವುದನ್ನು ನಾನು ಮೆಚ್ಚುತ್ತೇನೆ ಅಂತ. ನಾವು ಅಲ್ಲಿ ‘ಭಿನ್ನ ಲಕ್ಷಣಗಳು’ ಅಂತ ಬರೆದಿದ್ದೆವು. ಸೀನಿಯರ್ ಅಣ್ಣ ಅದನ್ನು ‘ದೇಹದ ಊನಗಳು’ ಅನ್ನುವ ಅರ್ಥದಲ್ಲಿ ಇಂಗ್ಲಿಷಿಗೆ ತಿರುಗಿಸಿದ್ದರು. ಫೋನ್ ಮಾಡಿ ಕೇಳಿದಾಗ ಅವರಂದರು: "ಭಿನ್ನ ಅಂದ್ರೆ ಒಡೆದಿರೋದಲ್ವೇನ್ರೋ? ನಮ್ಮೂರ ದೇವಸ್ಥಾನದಲ್ಲಿ ವಿಗ್ರಹ ಭಿನ್ನ ಆಗಿದೆ ಅಂತ ಬದಲಾಯಿಸಿದ್ರು." ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ ಅನ್ನುವುದು ನಮಗೂ ಗೊತ್ತಿತ್ತು. ಗೊತ್ತಿದ್ದೂ ಆ ಪದವನ್ನು ಮನುಷ್ಯರ ಮೈಮೇಲೆ ಹಾಕಿದ್ದೆವು. ಅದನ್ನು ಹೊಡೆದು ಹಾಕಿ, "ನನ್ನದೇ ಆದ" ಅನ್ನುವ ಮಾತಿನ ಸುತ್ತ ವಾಕ್ಯ ಕಟ್ಟಿದೆವು.

ಇದಕ್ಕಿಂತ ದೊಡ್ಡ ಪಾಠ ಹಿಮ್ಮುಖ ಅನುವಾದದಲ್ಲಿ ಸಿಕ್ಕಿಬೀಳದ ಪದದಿಂದ ಬಂತು. ‘ಗೌರವ’ ಅಂತ ಬರೆದದ್ದು ‘ರೆಸ್ಪೆಕ್ಟ್’ ಆಗಿಯೇ ವಾಪಸ್ ಬಂದಿತ್ತು, ನೂರಕ್ಕೆ ನೂರು. ಆದರೆ ಕನ್ನಡ ಮೀಡಿಯಂನಿಂದ ಬಂದ ಫಸ್ಟ್ ಇಯರಿನ ಹುಡುಗಿಯೊಬ್ಬಳಿಗೆ ಕೊಟ್ಟು, ದೇಹಕ್ಕೆ ಗೌರವ ಕೊಡೋದು ಅಂದರೆ ನಿಂಗೇನು ಅರ್ಥವಾಯ್ತು ಅಂತ ಕೇಳಿದಾಗ ಅವಳು ಹೇಳಿದಳು: "ಮೈತುಂಬ ಬಟ್ಟೆ ಹಾಕ್ಕೊಂಡು ಮರ್ಯಾದೆಯಿಂದ ಇರೋದು ಅಲ್ವಾ ಅಕ್ಕ?" 5ಕ್ಕೆ ಸುತ್ತು ಹಾಕಿದ್ದಳು. ಅವಳ 5 ನಿಜವೇ. ಆದರೆ ಅವಳು ಉತ್ತರ ಕೊಟ್ಟದ್ದು ನಾವು ಕೇಳದ ಪ್ರಶ್ನೆಗೆ. ಡಿಕ್ಷನರಿಯಲ್ಲಿ ಎರಡು ಪದ ಸಮ ಇದ್ದರೂ, ಹುಡುಗಿಯೊಬ್ಬಳು ಚಿಕ್ಕಂದಿನಿಂದ ‘ಮರ್ಯಾದೆ’ ಅನ್ನುವ ಮಾತನ್ನು ಎಲ್ಲೆಲ್ಲಿ ಕೇಳಿಸಿಕೊಂಡಿದ್ದಾಳೆ ಅನ್ನುವುದು ಡಿಕ್ಷನರಿಗೆ ಗೊತ್ತಿರುವುದಿಲ್ಲ. ಆ ವಾಕ್ಯವನ್ನು ‘ಕೊಡುವುದು’ ಬಿಟ್ಟು "ನನ್ನ ದೇಹದ ಬಗ್ಗೆ ನನಗೆ" ಅಂತ ಶುರುವಾಗುವ ಹಾಗೆ ಬದಲಾಯಿಸಿದೆವು. ಅವಳಿಗೇ ತೋರಿಸಿದೆವು. "ಹೀಗಾದ್ರೆ ಬೇರೆ" ಅಂತ ಸ್ವಲ್ಪ ಹೊತ್ತು ಸುಮ್ಮನಿದ್ದು 3ಕ್ಕೆ ಸುತ್ತು ಹಾಕಿದಳು.

ಬೇರೆ ಭಾಷೆಗಳಲ್ಲೂ ಇಂಥದ್ದು ಆಗಿದೆ ಅಂತ ಮೇಡಂ ಹೇಳಿದರು. ಹಳೆಯ 13 ವಾಕ್ಯಗಳ ರೂಪವನ್ನು ಮಲೇಷ್ಯಾದ ಹೆಂಗಸರಿಗೆ ಅವರ ಭಾಷೆಯಲ್ಲಿ ಕೊಟ್ಟು ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಗಿದೆ. ಒಂದೇ ಸಂಗತಿಯನ್ನು ಅಳೆಯುವ ವಾಕ್ಯಗಳಾದರೆ ಅವಕ್ಕೆ ಬರುವ ಉತ್ತರಗಳು ಒಟ್ಟಿಗೇ ಏರಬೇಕು, ಒಟ್ಟಿಗೇ ಇಳಿಯಬೇಕು. ಅಲ್ಲಿ ಆ ಉತ್ತರಗಳು ಎರಡು ಗುಂಪಾಗಿ ಒಡೆದವು. ಹೊಸ ಹತ್ತು ವಾಕ್ಯಗಳ ರೂಪ ಹೆಚ್ಚು ಗಟ್ಟಿ. 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 65 ದೇಶಗಳಲ್ಲಿ, 40 ಭಾಷೆಗಳಲ್ಲಿ ಅದನ್ನು ಪರೀಕ್ಷಿಸಿದ್ದಾರೆ. ಹಾಗಂತ ನಮ್ಮ ಕನ್ನಡದ ಕೆಲಸ ತಪ್ಪುವುದಿಲ್ಲ. ಪ್ರತಿ ಭಾಷೆಯೂ ತನ್ನ ಕ್ಯಾಲಿಪರ್ ತಾನೇ ತಯಾರು ಮಾಡಿಕೊಳ್ಳಬೇಕು.

ಪ್ರಯೋಗದ ಸಮಯದಲ್ಲಿ ತುಂಬ ಜನ ನಮ್ಮನ್ನು ಒಂದು ಪ್ರಶ್ನೆ ಕೇಳಿದರು: "ಬಣ್ಣದ ಬಗ್ಗೆ ಯಾಕಿಲ್ಲ?" ಹತ್ತರಲ್ಲಿ ಬಣ್ಣದ ಮಾತೇ ಇಲ್ಲ. ಕೂದಲು, ಎತ್ತರ ಕೂಡ ಹೆಸರು ಹಿಡಿದು ಬರುವುದಿಲ್ಲ. ನಮ್ಮಲ್ಲೋ ಕೂಸು ಹುಟ್ಟಿದಾಗ ಗಂಡೋ ಹೆಣ್ಣೋ ಆದಮೇಲೆ ಮುಂದಿನ ಪ್ರಶ್ನೆಯೇ ಅದು. ಗೋಧಿ ಬಣ್ಣ, ಎಣ್ಣೆಗೆಂಪು, ಸಾಧಾರಣ ಬಣ್ಣ, "ಕಪ್ಪಾದ್ರೂ ಲಕ್ಷಣವಾಗಿದ್ದಾಳೆ" ಅಂತ ಎಷ್ಟು ಶೇಡ್‌ಗಳು! ಆ ಕೊನೆಯ ಮಾತಿನಲ್ಲಿರುವ ‘ಆದ್ರೂ’ ಕೇಳಿಸಿಕೊಂಡು ಬೆಳೆದವಳು ನಮ್ಮ ನಾಲ್ವರಲ್ಲೇ ಒಬ್ಬಳಿದ್ದಾಳೆ. ಹುಡುಗರ ಹಾಸ್ಟೆಲಿನಲ್ಲಾದರೆ ಕೂದಲಿನದೇ ಸಂಕಟ. ಬೋರ್‌ವೆಲ್ ನೀರಿಗೆ ಬೈಯುತ್ತಾ ಬಾತ್‌ರೂಮಿನ ಜಾಲರಿಯಲ್ಲಿ ಸಿಕ್ಕಿದ್ದನ್ನು ಎಣಿಸುವವರು ಪ್ರತಿ ವಿಂಗಿನಲ್ಲೂ ಸಿಗುತ್ತಾರೆ. ಇದನ್ನೆಲ್ಲ ಹನ್ನೊಂದನೇ ವಾಕ್ಯ ಮಾಡಿ ಸೇರಿಸೋಣ ಅಂತ ಹೋದರೆ ಮೇಡಂ ಒಪ್ಪಲಿಲ್ಲ. ಹತ್ತರ ಸರಾಸರಿಗೆ ಹನ್ನೊಂದನೆಯದು ಸೇರಿದರೆ ಅದು ಬೇರೆಯೇ ಮಾಪಕ, ಮತ್ತೊಬ್ಬರ ಸ್ಕೋರಿನ ಪಕ್ಕ ಇಡಲು ಬರುವುದಿಲ್ಲ. ಆದ್ದರಿಂದ ಬಣ್ಣ, ಕೂದಲು, ಎತ್ತರದ ಪ್ರಶ್ನೆಗಳು ಇನ್ನೊಂದು ಹಾಳೆಗೆ ಹೋದವು. ಎರಡನೇ ಹಾಳೆಯೇ ಹೆಚ್ಚು ಹೊತ್ತು ಹಿಡಿಯುತ್ತದೆ ಅಂತ ತುಂಬಿಸಿದವರು ಹೇಳಿದರು.

ಇನ್ನು ನಿಜವಾಗಿ ಹೇಳಬೇಕಾದ ಸಂಗತಿಗೆ ಬರುತ್ತೇವೆ. ಹೇಳೋದೋ ಬೇಡವೋ ಅಂತ ನಾಲ್ವರೂ ಚರ್ಚೆ ಮಾಡಿ, ಅವನನ್ನೂ ಕೇಳಿ, ಅವನು "ಹೆಸರು ಹಾಕ್ಬೇಡಿ, ಬರೀರಿ" ಅಂದಮೇಲೆ ಬರೆಯುತ್ತಿದ್ದೇವೆ.

ನಮ್ಮ ಬ್ಯಾಚಿನಲ್ಲಿ ಒಬ್ಬ ಗೆಳೆಯನಿದ್ದಾನೆ. ತೆಳ್ಳಗಿನ ಮೈಕಟ್ಟು. ಫಸ್ಟ್ ಸೆಮ್ಮಿನ ಎರಡನೇ ವಾರದಲ್ಲಿ ಯಾರೋ ಅವನನ್ನು ‘ಕಡ್ಡಿ’ ಅಂದರು. ಯಾರೋ ಅಂತ ಬರೆದೆವು, ಅದು ನಮ್ಮಲ್ಲೇ ಒಬ್ಬ. ಹೆಸರು ನಿಂತುಬಿಟ್ಟಿತು. ಅಟೆಂಡೆನ್ಸ್ ಕರೆಯುವಾಗ ಬಿಟ್ಟರೆ ಅವನ ನಿಜವಾದ ಹೆಸರು ನಮ್ಮ ಕಿವಿಗೆ ಬೀಳುತ್ತಿರಲಿಲ್ಲ. ನಮ್ಮೆಲ್ಲರ ಫೋನಿನಲ್ಲೂ ಅವನ ನಂಬರು ಆ ಹೆಸರಿನಲ್ಲೇ ಇತ್ತು. ಕರೆದರೆ ತಿರುಗಿ ನೋಡುತ್ತಿದ್ದ, ನಗುತ್ತಿದ್ದ. ಮೂರು ವರ್ಷ.

ಪ್ರಯೋಗಕ್ಕೆ ಜನ ಬೇಕಿತ್ತು. ಅವನ ಕೈಗೂ ಹಾಳೆ ಕೊಟ್ಟೆವು. ಅರ್ಧ ನಿಮಿಷದಲ್ಲಿ ವಾಪಸ್ ಕೊಟ್ಟ. ಹತ್ತಕ್ಕೆ ಹತ್ತೂ 5. "ಭಾರೀ ಕಾನ್ಫಿಡೆನ್ಸ್ ಮಗಾ ನಿಂದು" ಅಂದೆವು. ಆಮೇಲೆ ಕ್ರಮದ ಪ್ರಕಾರ ಒಂದೊಂದೇ ವಾಕ್ಯ ಓದಿ, ಇದನ್ನು ಓದಿದಾಗ ನಿನಗೆ ಏನು ಅರ್ಥವಾಯಿತು ಅಂತ ಕೇಳಲು ಶುರು ಮಾಡಿದೆವು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವನು ಪೆನ್ನು ಕೆಳಗಿಟ್ಟ.

"ಅರ್ಥ ಎಲ್ಲ ಆಯ್ತು. ಕನ್ನಡ ಚೆನ್ನಾಗೇ ಇದೆ. ಆದ್ರೆ ನಿಮ್ಮ ಕೈಗೆ ವಾಪಸ್ ಕೊಡೋ ಹಾಳೆಯಲ್ಲಿ ನಾನು ಇನ್ನೇನು ಬರೀಲಿ?"

ಯಾರೂ ಮಾತಾಡಲಿಲ್ಲ. ಅವನೇ ಮುಂದುವರಿಸಿದ: "ಏಪ್ರಿಲ್ ಬಿಸಿಲಲ್ಲೂ ಒಳಗೊಂದು ಟೀ ಶರ್ಟ್ ಹಾಕ್ಕೊಂಡು ಅದರ ಮೇಲೆ ಫುಲ್ ತೋಳಿನ ಶರ್ಟ್ ಹಾಕ್ತೀನಲ್ಲ, ನೋಡಿಲ್ವಾ ನೀವು?"

ನೋಡಿದ್ದೆವು. ಚಳಿ ಜಾಸ್ತಿ ಇವನಿಗೆ ಅಂತ ತಮಾಷೆಯನ್ನೂ ಮಾಡಿದ್ದೆವು. ಒಂದರ ಮೇಲೊಂದು ಹಾಕಿದರೆ ಸ್ವಲ್ಪ ತುಂಬಿಕೊಂಡ ಹಾಗೆ ಕಾಣುತ್ತದೆ ಅನ್ನುವುದು ಅವನ ಲೆಕ್ಕ, ಅದು ನಮಗೆ ಹೊಳೆದೇ ಇರಲಿಲ್ಲ. ‘ಭಿನ್ನ’ದಲ್ಲಿ ಏನು ತಪ್ಪಿದೆ ಅಂತ ಎರಡು ವಾರ ಕೂತು ಚರ್ಚೆ ಮಾಡಿದ ನಾವು, ದಿನಾ ಬಾಯಲ್ಲಿ ಆಡುತ್ತಿದ್ದ ‘ಕಡ್ಡಿ’ಯನ್ನು ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ.

ಆ ರಾತ್ರಿ ಮೆಸ್ಸಿನಲ್ಲಿ ಅವನ ಪಕ್ಕ ಕೂತು ಸಾರಿ ಕೇಳಿದೆವು. "ಅಯ್ಯೋ ಬಿಡ್ರೋ" ಅಂದ. ಆ "ಬಿಡ್ರೋ" ನಮ್ಮ ನಾಡಿನ ಎಲ್ಲ ಹುಡುಗರಿಗೂ ಬರುವ ಉತ್ತರ, ಹತ್ತಕ್ಕೆ ಹತ್ತೂ 5 ಹಾಕಿದ ಹಾಗೆ.

ಮರುದಿನ ಮೇಡಂಗೆ ನಡೆದದ್ದನ್ನು ಹೇಳಿದೆವು. ಅವರು ಬೈಯಲಿಲ್ಲ. ಗುರುತಿನವರ ಕೈಯಲ್ಲಿ ಪ್ರಶ್ನಾವಳಿ ಕೊಡಿಸಿದ್ದು ತಮ್ಮದೇ ತಪ್ಪು ಅಂದರು. ಜನ ತಮಗೆ ಅನ್ನಿಸಿದ್ದನ್ನು ಬಿಟ್ಟು ಎದುರಿಗಿರುವವರಿಗೆ ಚೆನ್ನಾಗಿ ಕಾಣುವಂಥದ್ದನ್ನು ಬರೆಯುವುದು ಮನಶ್ಶಾಸ್ತ್ರದಲ್ಲಿ ಹಳೆಯ ಸಮಸ್ಯೆಯಂತೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸೆನ್ಸರ್ ಸರಿಯಾಗಿಯೇ ಇತ್ತು, ಅದನ್ನು ಹಿಡಿದ ಕೈಯ ಬಿಸಿ ರೀಡಿಂಗಿಗೆ ಸೇರಿತ್ತು. ಅವತ್ತಿನಿಂದ ಕ್ರಮ ಬದಲಾಯಿತು. ಹಾಳೆಯ ಮೇಲೆ ಹೆಸರಿಲ್ಲ, ಯು.ಎಸ್.ಎನ್. ಇಲ್ಲ. ತುಂಬಿಸಿ ಮಡಚಿ ಡಬ್ಬಿಗೆ ಹಾಕುವುದು. ಅರ್ಥ ವಿಚಾರಿಸುವ ಕೆಲಸ ಹುಡುಗರನ್ನು ಮೊದಲೇ ಬಲ್ಲವರಿಗೆ ಕೊಡುವುದಿಲ್ಲ. ನಾವು ನಾಲ್ವರು ಅನುವಾದದ ಮೇಜಿಗಷ್ಟೇ ಸೀಮಿತ.

ಅವನೂ ಎರಡನೇ ಸಲ ತುಂಬಿಸಿದ. ಏನು ಬರೆದ ಅಂತ ನಮಗೆ ಗೊತ್ತಿಲ್ಲ. ಗೊತ್ತಾಗಬಾರದು ಅಂತಲೇ ಡಬ್ಬಿ ಇಟ್ಟದ್ದು. ಈ ಸಲ ಮೂಲೆಯ ಬೆಂಚಿನಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ಕೂತಿದ್ದ ಅನ್ನುವುದಷ್ಟೇ ನಮಗೆ ಕಂಡದ್ದು.

ಮೇಡಂ ಅವರ ಕೆಲಸ ಇನ್ನೂ ಮುಗಿದಿಲ್ಲ. ಹೆಚ್ಚು ಜನರಿಂದ ತುಂಬಿಸಿ, ಕನ್ನಡದ ಹತ್ತು ವಾಕ್ಯಗಳು ಒಟ್ಟಿಗೆ ನಿಲ್ಲುತ್ತವೆಯೋ ಒಡೆಯುತ್ತವೆಯೋ ಅಂತ ಲೆಕ್ಕ ಹಾಕುವುದು ಬಾಕಿ ಇದೆ. ಡಬ್ಬಿ ಕೌನ್ಸೆಲಿಂಗ್ ರೂಮಿನ ಹೊರಗಡೆ ಇದೆ. ನೀವೂ ಹೋಗಿ ಒಂದು ಹಾಳೆ ತುಂಬಿಸಿ. ನಾವು ಅಲ್ಲಿರುವುದಿಲ್ಲ.

ನಮ್ಮ ಫೋನುಗಳಲ್ಲಿ ಅವನ ಹೆಸರು ಬದಲಾಗಿದೆ. ಬಾಯಿಗೆ ಇನ್ನೂ ಪೂರ್ತಿ ಅಭ್ಯಾಸವಾಗಿಲ್ಲ. ಹೋದ ವಾರ ಕ್ರಿಕೆಟ್ ಆಡುವಾಗ ಕ್ಯಾಚ್ ಬಿಟ್ಟ ಸಿಟ್ಟಿನಲ್ಲಿ ಮಂಡ್ಯದವನು "ಲೋ ಕ..." ಅಂತ ಶುರು ಮಾಡಿ ಅಲ್ಲೇ ನಿಂತ. ಅವನು ಬೌಂಡರಿಯಿಂದ ಕೂಗಿದ: "ಪೂರ್ತಿ ಹೇಳೋ, ಇಲ್ಲಾಂದ್ರೆ ನನ್ ಹೆಸ್ರು ಹೇಳೋ." ಎಲ್ಲರೂ ನಕ್ಕೆವು. ಆಮೇಲೆ ಮಂಡ್ಯದವನು ಅವನ ಹೆಸರು ಹಿಡಿದು ಕೂಗಿದ.